ಸ್ಪ್ಯಾಮಿಗೆ ತಳ್ಳಿದ ವರದಿ

ಆಸ್ಪತ್ರೆಯ ಮೂರನೇ ಮಹಡಿಯ ಮೂಲೆಯಲ್ಲಿ ಕೂರುವ ಆ ಮನುಷ್ಯನನ್ನು ಎಲ್ಲರೂ ಅಂಚೆಯಣ್ಣ ಎನ್ನುತ್ತಾರೆ. ಹೆಗಲಿಗೆ ಚೀಲವಿಲ್ಲ, ಸೈಕಲ್ಲೂ ಇಲ್ಲ. ರೋಗಿಗಳಿಗೆ ವರದಿಗಳನ್ನು ಇಮೇಲ್ ಮಾಡುವ ಸರ್ವರ್ ಅವನ ಸುಪರ್ದಿನಲ್ಲಿದೆ, ಅಷ್ಟೇ.

ಹೊಸ ಸರ್ವರ್ ಬಂದದ್ದೇ ತಡ, ವರದಿಗಳೆಲ್ಲ ರೋಗಿಗಳ ಇನ್‌ಬಾಕ್ಸ್ ಬಿಟ್ಟು ಬೇಡದ ಅಂಚೆಯ ಸ್ಪ್ಯಾಮಿಗೆ ಬೀಳತೊಡಗಿದವು. ವರದಿ ಸಿಗದವರಲ್ಲಿ ಅವನ ಸ್ವಂತ ಅಕ್ಕನೂ ಒಬ್ಬಳು. ಎದೆಯಲ್ಲಿ ಗಂಟು ಕಂಡು ಪರೀಕ್ಷೆ ಮಾಡಿಸಿದ್ದಳು. ಆಸ್ಪತ್ರೆಯ ಕೌಂಟರಿನಲ್ಲಿ ಫಲಿತಾಂಶವನ್ನು ರೋಗಿಗೆ ಬಿಟ್ಟು ಬೇರೆಯವರಿಗೆ ಹೇಳುವುದಿಲ್ಲ. ಅಕ್ಕನೋ, "ಬರ್ಲಿ ಬಿಡೋ, ಏನವಸರ?" ಎನ್ನುತ್ತಿದ್ದಳು. ಅವನಿಗೆ ಮಾತ್ರ ಊಟ ಸೇರುತ್ತಿರಲಿಲ್ಲ.

ವರದಿ ವಿಭಾಗದ ಮೇಡಂ ಬೇರೆ ತಲೆ ತಿಂದರು. "ಬಾಕಿ ಇರೋ ನಾಲ್ಕು ಸಾವಿರಾನೂ ಒಂದೇ ಸಲ ಕಳಿಸಿಬಿಡಿ, ಮುಗೀತು!"

"ಅಯ್ಯೋ ಮೇಡಂ, ಹೊಸ ಸರ್ವರ್ ಅಂದ್ರೆ ಊರಿಗೆ ಹೊಸಬ ಇದ್ದ ಹಾಗೆ; ಬಂದ ದಿನವೇ ನಾಲ್ಕು ಸಾವಿರ ಬಾಗಿಲು ಬಡಿದ್ರೆ ಯಾರು ತೆಗೀತಾರೆ? ಇವತ್ತು ಐವತ್ತು, ನಾಳೆ ನೂರು. ಮುಖಪರಿಚಯ ಆಗ್ಲಿ."

ಹಠ ಅಂದರೆ ಹಠ. ಸರ್ವರಿನ ಹೆಸರಿಗೂ ವಿಳಾಸಕ್ಕೂ ತಾಳೆ ಇರಲಿಲ್ಲ, ಸರಿಪಡಿಸಿದ. ಪ್ರತಿ ವರದಿಗೂ ಆಸ್ಪತ್ರೆಯ ಡಿಜಿಟಲ್ ಸಹಿ ಬೀಳುವಂತೆ ಮಾಡಿದ. ಮೂರು ವಾರಕ್ಕೆ ಎಲ್ಲವೂ ನೆಟ್ಟಗೆ ಇನ್‌ಬಾಕ್ಸ್ ಸೇರಿದವು. ಮೇಡಂ ತಾವೇ ಚಹಾ ತರಿಸಿದರು.

ಆದರೆ ಅಕ್ಕನದು ಅದೇ ಮಾತು: "ಬಂದಿಲ್ಲ ಕಣೋ."

ಅದೇ ಮಧ್ಯಾಹ್ನ ಇಮೇಲ್ ಕಂಪನಿಯಿಂದ ಒಂದು ದೂರು ಬಂತು. ಇನ್‌ಬಾಕ್ಸಿಗೆ ಬಂದ ವರದಿಯನ್ನು ಯಾರೋ ಕೈಯಾರೆ ಸ್ಪ್ಯಾಮ್ ಎಂದು ಒತ್ತಿದ್ದರು. ಇಂಥವು ಹೆಚ್ಚಿದರೆ ಮತ್ತೆ ಎಲ್ಲರ ವರದಿಗೂ ಕುತ್ತು. ಯಾರಪ್ಪಾ ಈ ಪುಣ್ಯಾತ್ಮ ಎಂದು ವಿಳಾಸ ನೋಡಿದ. ಅದು ಅಕ್ಕನ ವಿಳಾಸ.

ಅರ್ಧ ದಿನ ರಜೆ ಹಾಕಿ ನೇರ ಅವಳ ಮನೆಗೆ ಹೋದ. ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಅಕ್ಕಾ, ಸ್ಪ್ಯಾಮ್ ಅಂತ ಒತ್ತಿದ್ದು ನೀನೇನಾ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು. "ಹೂಂ ಕಣೋ. ಓದದೇ ಇದ್ರೆ ಏನೂ ಆಗಿಲ್ಲ ಅಂದ್ಕೊಂಡು ಇರಬಹುದಲ್ಲ, ಅದಕ್ಕೆ."

ಬೈಯಬೇಕೆಂದೇ ಬಂದಿದ್ದ. ಬಾಯಿಗೆ ಬಂದದ್ದು, "ನಂಗೂ ಭಯಾನೇ ಅಕ್ಕಾ."

ಇಬ್ಬರೂ ಮಂಚದ ಮೇಲೆ ಕೂತು ಅವಳ ಫೋನಿನಲ್ಲಿ ವರದಿ ತೆರೆದರು. ಕ್ಯಾನ್ಸರ್ ಹೌದು. ಗಡ್ಡೆ ಇನ್ನೂ ಚಿಕ್ಕದು, ತಡಮಾಡದೆ ಚಿಕಿತ್ಸೆ ಶುರುಮಾಡಬೇಕು ಎಂದಿತ್ತು. ಅಕ್ಕ ಎರಡು ಸಲ ಓದಿ ಫೋನನ್ನು ಅವನ ಕೈಗಿಟ್ಟಳು.

"ನಾನು ಒಬ್ಳೇ ಹೋಗಲ್ಲ."

"ಒಬ್ಳನ್ನೇ ಯಾರು ಕಳಿಸ್ತಾರೆ?" ಎನ್ನುತ್ತಾ ಅವನು ವರದಿಯ ಕೆಳಗಿದ್ದ ವೈದ್ಯರ ನಂಬರ್ ಒತ್ತಿದ.