ರೈಫಲ್ಲಿನ ಬಾಯಿಗೊಂದು ಬ್ರೇಕು

ಅನಾನಸು ತೋಟಕ್ಕೆ ಮಂಗಗಳು ಬಂದುಹೋದ ಮರುದಿನ ನನ್ನ ಬಲಭುಜದ ಮೇಲೆ ಅಂಗೈಯಗಲದ ನೇರಳೆ ಕಲೆಯೊಂದು ಮೂಡುತ್ತಿತ್ತು. ಕಾನ್ವೆಂಟಿನಲ್ಲಿ ಇಂಕ್ ಚೆಲ್ಲಿಕೊಂಡ ದಿನಗಳಲ್ಲೂ ನಾನು ಇಷ್ಟು ಕಲಾತ್ಮಕವಾಗಿ ಕಲೆ ಮಾಡಿಕೊಂಡವಳಲ್ಲ. ಇದು ನಮ್ಮವರು ಬಿಟ್ಟುಹೋದ ರೈಫಲ್ಲಿನ ಒದೆತದ ಪ್ರಸಾದ. ಬದುಕಿದ್ದಾಗ ಒಮ್ಮೆಯೂ ಗದರದ ಆ ಜಂಟಲ್‌ಮನ್, ಹೋದ ಮೇಲೆ ಹೀಗೆ ಒದೆಸುವ ಏರ್ಪಾಟು ಮಾಡಿದರಲ್ಲ ಎಂದು ನಗು ಬರುತ್ತಿತ್ತು. ಕೆಲವೊಮ್ಮೆ ಆ ನಗು ಅರ್ಧದಲ್ಲೇ ನಿಲ್ಲುತ್ತಿತ್ತು.

ನಮ್ಮ ಎಕ್ಕಂಬಿಯ ಕಡೆ ಮಂಗಕ್ಕೆ ಯಾರೂ ಗುರಿಯಿಡುವುದಿಲ್ಲ, ಮಾರುತಿಯ ಬಳಗವಲ್ಲವೇ? ‘ತಪ್ಪಾಯ್ತು ಮಾರುತಿರಾಯಾ’ ಎಂದು ಅಡ್ವಾನ್ಸ್ ಕ್ಷಮೆ ಕೇಳಿ, ಎದುರಿನ ಮಣ್ಣಿನ ದಿಣ್ಣೆಗೆ ಗುಂಡು ಹಾರಿಸಬೇಕು. ಸದ್ದಿಗೆ ಬೆದರಿದ ಹಿಂಡು ಪಕ್ಕದ ತೋಟಕ್ಕೆ ಟ್ರಾನ್ಸ್‌ಫರ್ ಆಗುತ್ತದೆ. ಅಲ್ಲಿಯ ಸದ್ದಿಗೆ ಮರಳಿ ನಮ್ಮಲ್ಲಿಗೆ. ನಾನು ಗುಂಡು ಹೊಡೆಯುವಾಗ, ಮೊದಲಿನಿಂದಲೂ ತೋಟದ ಕೆಲಸಕ್ಕೆ ಬರುವ ಪಾರ್ವತಿ ನನ್ನ ಎಡಕ್ಕೆ ನಿಂತು ತಗಡು ಬಡಿಯುತ್ತಿದ್ದಳು.

ಆಗಿನ್ನೂ ಎಸ್‌ಟಿಡಿ ಬೂತುಗಳಿದ್ದ ಕಾಲ. ಶಿರಸಿಯ ಡಾಕ್ಟರು, ಇನ್ನೂ ಒದೆಸಿಕೊಂಡರೆ ಕೈ ಮೇಲೆತ್ತಲಾಗದು, ರೈಫಲ್ ಬಿಡಿ ಎಂದರು. ಬಿಡುವುದು ಹೇಗೆ? ನಮ್ಮವರು ನನ್ನ ಹಿಂದೆ ನಿಂತು, ಉಸಿರು ಹಿಡಿಯುವುದನ್ನೂ ಬಿಡುವುದನ್ನೂ ಕಲಿಸಿದ್ದು ಅದೊಂದರಲ್ಲೇ.

ಉಪಾಯ ತಂದವನು ಮೈದುನ ವಿಶ್ವನಾಥ.

“ಅತ್ಗೆ, ಬಾಯಿಗೊಂದು ಬ್ರೇಕ್ ಹಾಕ್ಸು. ಒದೆತ ಅರ್ಧಕ್ಕರ್ಧ ಕಮ್ಮಿ ಆಗ್ತು.”

“ಯಾರ ಬಾಯಿಗೋ?”

“ರೈಫಲ್ಲಿಂದಕ್ಕೆ! ನಿನ್ನ ಬಾಯಿಗೆ ಹಾಕುಲೆ ಅಣ್ಣಂಗೇ ಆಜಿಲ್ಲೆ.”

ಮಝಲ್ ಬ್ರೇಕ್ ಎಂದರೆ ನಳಿಗೆಯ ತುದಿಗೆ ತಿರುಪಿ ಕೂರಿಸುವ, ಪಕ್ಕದಲ್ಲಿ ತೂತುಗಳಿರುವ ಉಕ್ಕಿನ ತುಂಡು. ಮದ್ದಿನ ಹೊಗೆಯ ರಭಸ ಆ ತೂತುಗಳಿಂದ ಅಕ್ಕಪಕ್ಕಕ್ಕೆ ಹೊರಟು ಹೋಗುತ್ತದೆ, ಭುಜ ಬಚಾವಾಗುತ್ತದೆ. ಹೌ ಸಿವಿಲೈಸ್ಡ್ ಎಂದುಕೊಂಡು ಹುಬ್ಬಳ್ಳಿಗೆ ಹೋದೆ. ಕೋವಿ ರಿಪೇರಿಯ ಮುದುಕರು ನಳಿಗೆಯನ್ನು ಸವರುತ್ತ ಅಂದರು:

“ಪರವಾನಗಿ ಕೇಳ್ಕೊಂಡ್ ಬರ್ರಿ ಅಮ್ಮಾರ, ಹಾಕ್ಕೊಡ್ತೀನಿ. ಆದ್ರ ಒಂದ್ ಮಾತು. ನಿಮ್ಮ ಭುಜದ ಪೆಟ್ಟು ಬಾಜೂದವ್ರ ಕಿವಿಗೆ ಹೋಗತೈತಿ. ಬಾಜೂಕ ಯಾರ್ ನಿಂದರ್ತಾರ?”

ಬಸ್ಸಿನುದ್ದಕ್ಕೂ ಆ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂತು. ಮರುದಿನ, ಹುಲ್ಲು ಕೀಳುತ್ತಿದ್ದ ಪಾರ್ವತಿಗೆ ವಿಷಯ ಹೇಳಿದೆ. ಮೂರು ಸಲ ಹೇಳಬೇಕಾಯಿತು.

“ಹಾಕ್ಸಿ ಅಮ್ಮಾ, ನಂಗೆಂತ?” ಎಂದಳು. “ಈ ಕೋವಿ ಸದ್ದಿಗೇ ಬಲಗಿವಿ ಹೋಗಿ ಯಾವ ಕಾಲ ಆತು! ಹೋದ ಕಿವಿ ಅಂತ್ಲೇ ಅದ್ನ ನಿಮ್ಮ ಬದಿಗಿಟ್ಕಂಡು ನಿಲ್ಲೂದು.”

“ಮೊದಲೇ ಹೇಳಬಾರದಿತ್ತೇನೇ?”

“ಹೇಳಿದ್ರೆ ನೀವು ಬೈಯೂದೆಲ್ಲ ಈ ಎಡಗಿವಿಯಾಗೆ ಕೇಳ್ಬೇಕಾಗ್ತಿತ್ತಲೆ!”

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಎಷ್ಟು ಬೈದರೂ ಎದುರುತ್ತರ ಕೊಡದವಳೆಂದು ಇವಳ ಸಹನೆಯನ್ನು ಊರೆಲ್ಲ ಹೊಗಳಿಕೊಂಡು ಬಂದವಳು ನಾನು. ನನ್ನ ಭುಜದ ಕಲೆಯನ್ನು ಕನ್ನಡಿಯಲ್ಲಿ ನೋಡಿ ಮರುಗಿದವಳಿಗೆ, ಪಕ್ಕದವಳ ಪೆಟ್ಟು ಕಾಣಲಿಲ್ಲ. ಪೆಟ್ಟು ಹೊರಗಿನಿಂದ ಕಾಣದಿದ್ದರೆ ನಾವು ಅದನ್ನು ಗುಣವೆಂದು ಹೆಸರಿಸಿಬಿಡುತ್ತೇವೆ.

ಬ್ರೇಕು ಹಾಕಿಸಲಿಲ್ಲ. ರೈಫಲ್ಲನ್ನು ಒರೆಸಿ, ಎಣ್ಣೆ ಹಾಕಿ, ಠಾಣೆಗೆ ಒಪ್ಪಿಸಿದೆ. ರಸೀದಿ ಕೈಗೆ ಬಂದಾಗ, ಅವರು ಕಲಿಸಿದಂತೆಯೇ ಉಸಿರು ಹಿಡಿದೆ, ಬಿಟ್ಟೆ.

ಈಗ ಮಂಗಗಳು ಬಂದರೆ ಇಬ್ಬರೂ ತಗಡು ಬಡಿಯುತ್ತೇವೆ. ಅರ್ಧ ಓಡುತ್ತವೆ, ಅರ್ಧ ಕೂತು ನೋಡುತ್ತವೆ. ಪಾರ್ವತಿಗೆ ಹೇಳುವುದನ್ನೆಲ್ಲ ಅವಳ ಎಡಗಡೆಗೆ ಬಂದು ಹೇಳುತ್ತೇನೆ. ಓ ಮೈ ಗಾಡ್, ಅವಳೀಗ ಒಂದು ಮಾತಿಗೂ ಸುಮ್ಮನಿರುವುದಿಲ್ಲ.