ಅಕ್ಕ ಕೈ ತೊಳೆದು ಬಂದ ದಿನ

ಕಾಪುವಿನ ನಮ್ಮ ದೇವಸ್ಥಾನದ ಕೆರೆಯ ಪಾವಟಿಗೆಯಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ನನಗೆ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಮೂಳೆ ಕೂಡಿಕೊಂಡಿತೆಂದರು, ಮೇಲಿನ ಗಾಯ ಮಾತ್ರ ಒಣಗದೆ ಒಸರತೊಡಗಿತು. ಒಸರಿದ ನೀರನ್ನು ಪರೀಕ್ಷಿಸಿದಾಗ ಹಲವು ಔಷಧಗಳಿಗೆ ಮಣಿಯದ ಕ್ರಿಮಿಯೊಂದು ಅದರಲ್ಲಿ ಸೇರಿಕೊಂಡಿದೆಯೆಂದು ತಿಳಿದುಬಂತು. ಅಂದು ಸಂಜೆಯೇ ನನ್ನನ್ನು ಒಂಟಿ ಕೋಣೆಯೊಂದಕ್ಕೆ ಸಾಗಿಸಿ, ಬಾಗಿಲಿಗೆ ಹಳದಿ ಫಲಕವೊಂದನ್ನು ತೂಗಿಸಿದರು. ಒಳಗೆ ಬರುವ ಪ್ರತಿಯೊಬ್ಬನೂ ಕೈಗೆ ದ್ರಾವಣ ಹಚ್ಚಿಕೊಳ್ಳಬೇಕು. ಶುಶ್ರೂಷೆ ಮಾಡುವವರು ಗೌನು, ಕೈಗವಸು ತೊಡಬೇಕು. ಹೊರಗೆ ಹೋಗುವಾಗ ಅವನ್ನು ಅಲ್ಲೇ ಕಳಚಿ ಮತ್ತೆ ಕೈ ಶುಚಿಗೊಳಿಸಬೇಕು.

ಈ ವಿಧಿ ನನಗೆ ಅಪರಿಚಿತವೆನಿಸಲಿಲ್ಲ. ಉಪನಯನವಾದಂದಿನಿಂದ ಮಡಿಯ ನಿಯಮದಲ್ಲಿ ಬೆಳೆದವನು ನಾನು. ಮಿಂದು ಬಂದವನನ್ನು ಮುಟ್ಟಬಾರದು, ಮುಟ್ಟಿದರೆ ಮತ್ತೆ ಮೀಯಬೇಕು ಎಂಬುದು ನಮ್ಮ ಮನೆಯಲ್ಲಿ ಉಸಿರಾಟದಷ್ಟು ಸಹಜವಾಗಿತ್ತು. ಆದರೆ ಅಲ್ಲಿ ದೂರ ನಿಲ್ಲಿ ಎಂದು ಹೇಳುವವನು ನಾನಾಗಿದ್ದೆ. ಇಲ್ಲಿ ದೂರವನ್ನು ಇತರರು ಕಾಯುತ್ತಿದ್ದರು, ಅದೂ ಬಹಳ ವಿನಯದಿಂದ. ಕೈಗವಸಿನ ಒಳಗಿನ ಕೈ ಬಿಸಿಯೋ ತಣ್ಣಗೋ ಎಂದು ತಿಳಿಯುವುದಿಲ್ಲ. ಯಾರ ಕೈಯೆಂದೂ ತಿಳಿಯುವುದಿಲ್ಲ.

ಪತ್ನಿ ತೀರಿಕೊಂಡು ವರ್ಷಗಳಾಗಿವೆ. ಮಕ್ಕಳಿಲ್ಲ. ನೆರೆಮನೆಯವರು ದಿನಕ್ಕೊಮ್ಮೆ ಬಂದು ಬಾಗಿಲಿನ ಗಾಜಿನಾಚೆ ನಿಂತು ಕೈ ಎತ್ತಿ ಹೋಗುತ್ತಿದ್ದರು. ಹೀಗಾಗಿ ಆ ವಾರ್ಡಿನ ಹಿರಿಯ ನರ್ಸೇ ನನ್ನ ದಿನದ ಮಾತುಕತೆಯಾಗಿದ್ದಳು. ಸಂತೆಕಟ್ಟೆಯ ಕಡೆಯವಳು, ಕೊಂಕಣಿ ಮಾತನಾಡುವ ಕ್ರೈಸ್ತರ ಮನೆಯ ಮಗಳು. ನಾನು ಉಡುಪಿಯ ಸಂಸ್ಕೃತ ಪಾಠಶಾಲೆಯೊಂದರಲ್ಲಿ ಕಲಿಸಿದವನೆಂದು ಯಾರಿಂದಲೋ ಕೇಳಿ ಮೊದಲ ದಿನದಿಂದಲೇ ಮಾಷ್ಟ್ರೇ ಎಂದು ಕರೆದಳು. ಕೃಷ್ಣದೇವರ ಗುಡಿ ಇಲ್ಲಿಂದ ಯಾವ ದಿಕ್ಕಿಗೆ ಎಂದು ನಾನು ಕೇಳಿದಾಗ ಕಿಟಕಿಯ ಬಳಿ ನಿಂತು ಊರ ನಡುವಿನ ಟೈಗರ್ ಸರ್ಕಲ್ಲಿನಿಂದ ಲೆಕ್ಕ ಹಿಡಿದು, “ಆ ನೀರಿನ ಟಾಂಕಿ ಉಂಟಲ್ಲ, ಅದರ ಬಲಕ್ಕೆ ನೋಡಿ ಕೈ ಮುಗಿಯಿರಿ. ಸ್ವಲ್ಪ ಆಚೀಚೆ ಆದರೆ ದೇವರೇ ಅಡ್ಜಸ್ಟ್ ಮಾಡಿಕೊಳ್ತಾರೆ” ಎಂದಳು. ಮಂಚದಿಂದ ಏಳಲಾರದವನು ಸಂಧ್ಯಾವಂದನೆಯನ್ನು ಮನಸ್ಸಿನಲ್ಲೇ ನಡೆಸಿ, ಆ ಟಾಂಕಿಯ ಬಲಕ್ಕೆ ನಮಸ್ಕರಿಸುತ್ತಿದ್ದೆ.

ಮೊದಮೊದಲು ಅವಳು ಪ್ರತಿದಿನವೂ ಗಾಯದ ಪಟ್ಟಿ ಬಿಚ್ಚಿ ಕಟ್ಟುತ್ತಿದ್ದಳು. ನೋವಾಗುತ್ತಿತ್ತು, ನಿಜ. ಆದರೂ ಬೆಳಗಿನಿಂದ ನಾನು ಕಾಯುತ್ತಿದ್ದುದು ಆ ಗಳಿಗೆಯನ್ನೇ. ಆಮೇಲೊಂದು ದಿನ ನೀರು ಹೀರುವ ಬೇರೆ ಬಗೆಯ ಪಟ್ಟಿಯೊಂದನ್ನು ಹಾಕಿ, ಇನ್ನು ನಾಲ್ಕೈದು ದಿನ ಬಿಚ್ಚುವುದಿಲ್ಲ ಎಂದಳು.

“ಹಾಗಾದರೆ ನಾಳೆ?” ಎಂದೆ.

“ನಾಳೆ ಹೊರಗಿನಿಂದ ನೋಡಿ ಹೋಗ್ತೇನೆ ಮಾಷ್ಟ್ರೇ. ಸುಮ್ಮನೆ ಬಿಚ್ಚಿದರೆ ಗಾಯ ತಣ್ಣಗಾಗಿ ಮಾಯುವುದು ತಡವಾಗ್ತದೆ, ಹೊಸದಾಗಿ ಬಂದ ಚರ್ಮ ಪಟ್ಟಿಯೊಟ್ಟಿಗೆ ಎದ್ದು ಬರ್ತದೆ. ಪ್ರತಿ ಸಲ ಬಿಚ್ಚುವಾಗಲೂ ಕ್ರಿಮಿಗೆ ಬಾಗಿಲು ತೆಗೆದ ಹಾಗೆ. ಮೊದಲೆಲ್ಲ ನಾವೂ ದಿನಾ ಬಿಚ್ಚುತ್ತಿದ್ದೆವು. ಈಗ ಎವಿಡೆನ್ಸ್ ಬೇರೆ ಹೇಳ್ತದೆ.”

“ಪ್ರಮಾಣ ಉಂಟು ಎನ್ನು.”

“ಅದೇ. ಯಾರೋ ಹಿರಿಯ ಸಿಸ್ಟರ್ ಹೇಳಿದರು, ಮೊದಲಿಂದ ಹಾಗೇ ಮಾಡಿದ್ದು ಅಂತ ಈಗ ಮಾಡ್ಲಿಕ್ಕಿಲ್ಲ. ಎಷ್ಟೋ ರೋಗಿಗಳಲ್ಲಿ ನೋಡಿ, ಹೋಲಿಸಿ, ಸರಿಯಾದದ್ದನ್ನು ಮಾತ್ರ ಮಾಡುವುದು.”

ಪ್ರತ್ಯಕ್ಷ, ಅನುಮಾನ, ಆಗಮ ಎಂದು ಪ್ರಮಾಣಗಳ ವಿಚಾರವನ್ನು ಬಾಳಿನುದ್ದಕ್ಕೂ ಕಲಿಸಿದ ನನಗೆ ಅವಳ ಮಾತಿನಲ್ಲಿ ತೆಗೆದುಹಾಕುವಂಥದ್ದು ಏನೂ ಕಾಣಲಿಲ್ಲ. ಪ್ರಮಾಣ ಸಿದ್ಧವಾದ ಮೇಲೆ ವಾದಕ್ಕೆ ಎಡೆಯಿಲ್ಲ. ಆದರೆ ಆ ಪ್ರಮಾಣದ ಫಲವಾಗಿ ನನ್ನ ಹಗಲು ಬಲು ಉದ್ದವಾಯಿತು. ಅವಳು ಗಾಜಿನಾಚೆಯಿಂದ ನೋಡಿ, ಹೆಬ್ಬೆರಳೆತ್ತಿ, ಮುಂದಿನ ಕೋಣೆಗೆ ಹೋಗುತ್ತಿದ್ದಳು. ಸುಮ್ಮನಾದರೂ ಒಳಗೆ ಬಂದು ಹೋಗು ಎಂದು ಕೇಳಲು ನಾಲಿಗೆಯವರೆಗೆ ಬಂದ ಮಾತನ್ನು ಜಪದೊಳಗೆ ಅಡಗಿಸುತ್ತಿದ್ದೆ. ನನ್ನಲ್ಲಿಗೆ ಬಂದು ಇನ್ನೊಬ್ಬರಲ್ಲಿಗೆ ಹೋಗಬೇಕಾದ ಕೈ ಅದು. ಹಾಗೆ ಕೇಳುವುದು ಧರ್ಮವಲ್ಲ.

ಇಷ್ಟಾಗಿಯೂ ಗಾಯ ಬಗ್ಗಲಿಲ್ಲ. ಮತ್ತೆ ತೆರೆದು ಒಳಗನ್ನೆಲ್ಲ ತೊಳೆಯಬೇಕೆಂದು ವೈದ್ಯರು ನಿಶ್ಚಯಿಸಿದರು. ನನ್ನ ವಯಸ್ಸಿಗೆ ಎರಡನೆಯ ಸಲ ಅರಿವಳಿಕೆ ಕೊಡುವುದು ಸುಲಭವಲ್ಲವೆಂಬುದನ್ನೂ ಮುಚ್ಚಿಡದೆ ಹೇಳಿದರು. ಆಗ ನಾನು ಕಾರ್ಕಳಕ್ಕೆ ಫೋನು ಮಾಡಿಸಿದೆ. ಅಲ್ಲಿ ನನ್ನ ಅಕ್ಕ, ಒಡಹುಟ್ಟಿದವರಲ್ಲಿ ಉಳಿದ ಒಬ್ಬಳೇ ಒಬ್ಬಳು, ಮಗ ಸೊಸೆಯರೊಂದಿಗೆ ಇದ್ದಾಳೆ. ಅವಳನ್ನೊಮ್ಮೆ ನೋಡಿ ಶಸ್ತ್ರಕ್ರಿಯೆಗೆ ಹೋಗಬೇಕೆಂಬುದಕ್ಕಿಂತ ಬೇರೆ ಆಸೆ ನನಗೆ ಆಗ ಇರಲಿಲ್ಲ.

ಅಕ್ಕನೆಂದರೆ ಅರ್ಧ ದಾರಿಯಿಂದ ಹಿಂದಿರುಗಬಲ್ಲವಳು. ವೈಧವ್ಯ ಬಂದ ಮೇಲೆ ಅವಳ ಮಡಿ ಇನ್ನಷ್ಟು ಬಿಗಿಯಾಯಿತು. ಉಚ್ಚಿಲದಲ್ಲಿ ಸ್ವಂತ ಮೊಮ್ಮಗಳ ಮದುವೆಗೆ ಹೋದವಳು ಅಡುಗೆಯವರ ನಡವಳಿಕೆ ಕಂಡು, ಧಾರೆ ಮುಗಿದೊಡನೆ ಒಂದು ತೊಟ್ಟು ನೀರೂ ಮುಟ್ಟದೆ ಬಸ್ಸು ಹತ್ತಿದ್ದಳು. ಕೋಪದಿಂದಲ್ಲ. ತನಗಾಗದೆಂದು ತಿಳಿದ ಮೇಲೆ ಅಲ್ಲಿರುವುದು ಸರಿಯಲ್ಲವೆಂದು.

ಶಸ್ತ್ರಕ್ರಿಯೆಯ ಹಿಂದಿನ ಮಧ್ಯಾಹ್ನ ಅವಳು ಸೊಸೆಯೊಡನೆ ಬಂದಳು. ನನ್ನ ಕೋಣೆಗೂ ಓಣಿಗೂ ನಡುವೆ ಕೈ ತೊಳೆಯುವ ತೊಟ್ಟಿಯಿರುವ ಚಿಕ್ಕದೊಂದು ಜಾಗವಿತ್ತು. ಅಂದು ಅದರ ಬಾಗಿಲು ಸ್ವಲ್ಪ ತೆರೆದೇ ಇದ್ದುದರಿಂದ ಎಲ್ಲವೂ ನನಗೆ ಕಾಣುತ್ತಿತ್ತು, ಕೇಳುತ್ತಿತ್ತು. ನರ್ಸು ಗೋಡೆಯ ಮೇಲಿನ ಬಾಟಲಿ ತೋರಿಸಿ, “ಅಮ್ಮ, ಇದನ್ನು ಕೈಗೆ ಹಚ್ಚಿ ಒಳಗೆ ಹೋಗಿ” ಎಂದಳು.

ಅಕ್ಕ ಮೂಸಿ ನೋಡಿದಳು. “ಎಂತ ಮಗಾ ಇದು?”

“ಸ್ಯಾನಿಟೈಸರ್, ಅತ್ತೆ. ಕೊರೊನಾ ಸಮಯದಲ್ಲಿ ಎಲ್ಲರೂ ಹಚ್ಚುತ್ತಿದ್ದರಲ್ಲ, ಅದು” ಎಂದು ಸೊಸೆ ಹೇಳಿದಳು. ಆ ಕಾಲದಲ್ಲಿ ಅಂಗಳ ದಾಟದ ಅಕ್ಕನಿಗೆ ಅದರ ಪರಿಚಯವಿರಲಿಲ್ಲ.

“ಸಾರಾಯಿ ವಾಸನೆ ಬರ್ತದೆ.”

“ಅದರಲ್ಲಿ ಅದೇ ಇರುವುದು ಅಮ್ಮ. ಆದರೆ ಇದು ಕುಡಿಯುವುದಲ್ಲ, ಕೈಗೆ ಹಚ್ಚುವುದು.”

“ಕುಡಿಯುವವರೂ ಮೊದಲು ಕೈಯಲ್ಲೇ ಹಿಡಿಯುವುದು. ನಾಳೆ ಇದೇ ಕೈಯಲ್ಲಿ ನಾನು ದೇವರಿಗೆ ನೈವೇದ್ಯ ಮಾಡಬೇಕು ಮಗಾ. ನನ್ನಿಂದ ಆಗುವುದಿಲ್ಲ.”

“ಹಚ್ಚದಿದ್ದರೆ ನನಗೆ ಒಳಗೆ ಬಿಡ್ಲಿಕ್ಕೆ ಆಗುವುದಿಲ್ಲ ಅಮ್ಮ.”

ಇಬ್ಬರ ದನಿಯಲ್ಲೂ ಬಿರುಸಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಅಕ್ಕ ಗಾಜಿನ ಮೂಲಕ ನನ್ನನ್ನು ನೋಡಿ, ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆಯೇ, “ಮಾಣಿ, ಇಲ್ಲಿಂದಲೇ ನೋಡಿದೆ ಆಯ್ತಾ? ದೇವರು ಒಳ್ಳೆಯದು ಮಾಡಲಿ” ಎಂದು ಸೆರಗು ಸರಿಪಡಿಸಿಕೊಂಡಳು. ಅವಳು ಹೊರಡುವಾಗಿನ ರೀತಿ ಅದು. ಮದುವೆಯ ಚಪ್ಪರದಲ್ಲೂ ಹಾಗೆಯೇ ಸರಿಪಡಿಸಿಕೊಂಡಿದ್ದಳು.

“ಒಂದು ನಿಮಿಷ ನಿಲ್ಲಿ ಅಮ್ಮ, ನಾನು ಕೇಳಿ ನೋಡ್ತೇನೆ” ಎಂದು ನರ್ಸು ಫೋನು ತೆಗೆದಳು. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವವರೊಡನೆ ಅವಳು ಮಾತನಾಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಮಾತು ಮುಗಿಸಿ ಹೇಳಿದಳು: “ಸೋಪು ನೀರು ಆಗ್ತದಂತೆ. ಸರಿಯಾಗಿ ತೊಳೆದರೆ ಅದೂ ಸಮವೇ. ಸಮಯ ಹೆಚ್ಚು ಹಿಡಿಯುತ್ತದೆ ಅಂತ ನಾವು ಬಾಟ್ಲಿಯದ್ದು ಉಪಯೋಗಿಸುವುದು. ಗಾಯ ಮುಟ್ಟುವುದಿಲ್ಲವಾದರೆ ಗೌನೂ ಬೇಡ.”

“ಸೋಪಿನಲ್ಲಿ ಎಂತದರ ಕೊಬ್ಬು?”

ಸೊಸೆ ಹಣೆ ಒತ್ತಿಕೊಂಡಳು. ನರ್ಸು ಮಾತ್ರ ಸೋಪಿನ ಬಾಟಲಿಯನ್ನು ತಿರುಗಿಸಿ ಹಿಂದೆ ಬರೆದುದನ್ನು ಓದಿ, “ತೆಂಗಿನೆಣ್ಣೆಯದ್ದು” ಎಂದಳು.

ಬಳಿಕ ಅಂಗೈ, ಮುಂಗೈ, ಬೆರಳುಗಳ ಸಂದು, ಹೆಬ್ಬೆರಳಿನ ಬುಡ ಎಂದು ಒಂದೊಂದನ್ನೇ ತಾನು ಮಾಡಿ ತೋರಿಸಿದಳು. ಅಕ್ಕ ಶ್ರದ್ಧೆಯಿಂದ ಹಾಗೆಯೇ ತಿಕ್ಕಿದಳು. “ಬಳೆ ಉಂಗುರ ಎಲ್ಲ ತೆಗೆಯಿರಿ ಅಂತ ನಾವು ಎಲ್ಲರ ಹತ್ತಿರ ಜಗಳ ಮಾಡುವುದು. ಅಮ್ಮನ ಕೈ ನಮ್ಮ ರೂಲಿನ ಹಾಗೇ ಉಂಟು” ಎಂದ ನರ್ಸು, ಮಾತು ಮುಗಿಯುವಷ್ಟರಲ್ಲಿ ಆ ಬರಿಗೈಗಳ ಕಾರಣ ಹೊಳೆದು, ಒರಸುವ ಕಾಗದ ತೆಗೆಯಲು ತಿರುಗಿದಳು. ಅಕ್ಕ ಏನೂ ಆಗದವಳಂತೆ ನೀರು ನಿಲ್ಲಿಸಿ, ಕೈಗಳನ್ನು ಸೆರಗಿನಲ್ಲಿ ಒರಸಿಕೊಂಡಳು.

“ಅಯ್ಯೋ ಅಮ್ಮ, ಬಟ್ಟೆಗೆ ಒರಸಬಾರದು. ಈ ಕಾಗದಕ್ಕೆ ಒರಸಬೇಕು.”

“ಇದು ನಾನೇ ಹಿಂಡಿ ಒಣಗಿಸಿದ ಸೀರೆ. ಬೇರೆಯವರ ಕೈ ತಾಗಿಲ್ಲ. ನಿನ್ನ ಕಾಗದ ಯಾರು ಮಾಡಿದ್ದೋ ಯಾರಿಗೆ ಗೊತ್ತು?”

“ಸೀರೆ ಶುದ್ಧವೇ. ಆದರೆ ಬಸ್ಸಿನ ಸೀಟಿನಲ್ಲಿ ಕೂತು ಬಂದದ್ದು ಅಲ್ವಾ?”

ಅಕ್ಕ ಸೆರಗನ್ನು ನೋಡಿಕೊಂಡಳು. ಹಿರಿಯಡಕ, ಪರ್ಕಳ ದಾಟಿ ಆ ಸೆರಗು ಯಾವ ಯಾವ ಕಂಬಿಗೆ, ಯಾರ ಯಾರ ಮೈಗೆ ತಾಗಿತ್ತೆಂದು ಯೋಚಿಸಿದಳೋ ಏನೋ. ಎರಡನೆಯ ಸಲ ತಪ್ಪು ಹೇಳಿಸಿಕೊಂಡು ನಿಲ್ಲುವವಳಲ್ಲ ಅವಳು. ನಾನು ಕಣ್ಣು ಮುಚ್ಚಿದೆ. ನೀರಿನ ಸದ್ದು ಮತ್ತೆ ಕೇಳಿಸಿತು.

“ತಾಗಿದರೆ ಮೊದಲಿಂದ. ಅದು ನಮ್ಮಲ್ಲೂ ಹಾಗೇ” ಎನ್ನುತ್ತಿದ್ದಳು ಅಕ್ಕ. “ಪುನಃ ತೋರಿಸು ಮಗಾ, ಹೆಬ್ಬೆರಳಿನದ್ದು ಹೇಗೆ ಹೇಳಿದ್ದಿ?”

ಈ ಬಾರಿ ಕಾಗದದಲ್ಲಿ ಒರಸಿ, ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ನೈವೇದ್ಯದ ಪಾತ್ರೆ ಹಿಡಿದವಳ ಹಾಗೆ ಒಳಗೆ ಬಂದಳು. ಮಂಚದ ಪಕ್ಕದಲ್ಲಿ ನಿಂತಳು. ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳಿದಳು. ಸೇರುತ್ತದೆ ಎಂದೆ. ಬರುತ್ತದೆ ಎಂದೆ.

“ಸುಳ್ಳು ಹೇಳಬೇಡ. ಕೆನ್ನೆ ಎಲ್ಲಿಗೆ ಹೋಯ್ತು?”

ನಾನು ನಗಲು ಪ್ರಯತ್ನಿಸಿದೆ. ಅವಳು ತಿರುಗಿ ನರ್ಸನ್ನು ಕೇಳಿದಳು: “ನಾನು ಇವನ ತಲೆ ಮುಟ್ಟಿದರೆ ಇವನಿಗೆ ತೊಂದರೆ ಉಂಟಾ?”

“ಇಲ್ಲಮ್ಮ. ಮುಟ್ಟಬಹುದು. ಹೋಗುವಾಗ ಇನ್ನೊಮ್ಮೆ ತೊಳೆದರಾಯಿತು.”

ಅಕ್ಕನ ಮದುವೆಯ ಬಳಿಕ ಅವಳ ಕೈ ನನ್ನ ಮೈಗೆ ತಾಗಿದ ನೆನಪಿಲ್ಲ. ನಮ್ಮವರಲ್ಲಿ ಅದು ಇರಲಿಲ್ಲ. ದೂರದಿಂದ ನಮಸ್ಕರಿಸುತ್ತಿದ್ದೆ, ದೂರದಿಂದ ಹರಸುತ್ತಿದ್ದಳು. ಪ್ರಸಾದವನ್ನೂ ಮೇಲಿನಿಂದ ಅಂಗೈಗೆ ಹಾಕುತ್ತಿದ್ದಳು. ಆ ಕೈ ಈಗ ನನ್ನ ತಲೆಯ ಮೇಲೆ ಬಂತು. ತೊಳೆದು ತೊಳೆದು ತಣ್ಣಗಾಗಿತ್ತು, ಬೆರಳುಗಳ ತುದಿ ಒರಟಾಗಿತ್ತು. ಕೈಗವಸಿಲ್ಲದ ಕೈ. ಅವಳು ಏನೋ ಸ್ತೋತ್ರ ಹೇಳುತ್ತಿದ್ದಳು. ನನಗೆ ಬಾಯಿಪಾಠವಿರುವಂಥದ್ದೇ ಆಗಿರಬೇಕು, ಆದರೆ ಯಾವುದೆಂದು ಅಂದು ಗುರುತಿಸಲು ನನ್ನಿಂದಾಗಲಿಲ್ಲ. ಸ್ತೋತ್ರ ಮುಗಿದ ಮೇಲೂ ಕೈ ತುಸು ಹೊತ್ತು ಅಲ್ಲೇ ಇತ್ತು.

“ನಾಳೆ ಧೈರ್ಯದಲ್ಲಿ ಹೋಗು ಮಾಣಿ” ಎಂದಳು. ಹೊರಗೆ ಹೋಗಿ ಮತ್ತೆ ಕೈ ತೊಳೆದಳು. ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅವರು ಹೋದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾದಂತೆ ತೋರಿತು. ಆ ಕೈ ತಾಗಿದ ತಲೆಯನ್ನು ದಿಂಬಿಗೆ ಒರಗಿಸದೆ ಸ್ವಲ್ಪ ಎತ್ತಿಯೇ ಹಿಡಿದಿದ್ದೆ. ಕತ್ತು ನೋಯತೊಡಗಿದ ಮೇಲೆ ಒರಗಿಸಿದೆ. ದೀಪ ಹಚ್ಚುವ ಹೊತ್ತಿಗೆ ಸುಖವಾಗಿ ತಲುಪಿದರೇ ಎಂದು ತಿಳಿಯಲು ಫೋನು ಮಾಡಿದೆ. ಸೊಸೆ ಎತ್ತಿಕೊಂಡಳು.

“ಈಗ ಬಂದೆವಷ್ಟೇ ಮಾವ. ಅತ್ತೆ ತಲೆಗೆ ಮೀಯುತ್ತಿದ್ದಾರೆ. ಆಸ್ಪತ್ರೆಗೆ ಹೋಗಿ ಬಂದದ್ದಲ್ವಾ, ಒಳಗೆ ಕಾಲಿಡಲಿಲ್ಲ, ನೇರ ಬಚ್ಚಲಿಗೆ ಹೋದರು.”

ಅವಳ ಮಾತಿನ ಹಿಂದೆ ತಂಬಿಗೆ ತಂಬಿಗೆಯಾಗಿ ನೀರು ಸುರಿಯುವ ಸದ್ದು ನನಗೆ ಕೇಳಿಸುತ್ತಿತ್ತು. ನನ್ನನ್ನು ಮುಟ್ಟಿ ಹೋದ ಕೈಯೂ ಆ ನೀರಿನಲ್ಲಿತ್ತು. ಅವಳ ನಿಯಮ ಅದು, ಅದರಲ್ಲಿ ತಪ್ಪಿಲ್ಲ.

“ಈ ವಯಸ್ಸಿನಲ್ಲಿ ಸಂಜೆ ಹೊತ್ತು ತಲೆಗೆ ನೀರು. ಹಂಡೆಯಲ್ಲಿ ಬಿಸಿ ಉಂಟಲ್ಲ?” ಎಂದು ಕೇಳಿದೆ.

“ಉಂಟು ಮಾವ. ಬರುವ ಮೊದಲೇ ಫೋನು ಮಾಡಿ ಬೆಂಕಿ ಹಾಕಿಸಿದ್ದೆ.”

“ಒಳ್ಳೆಯದಾಯಿತು” ಎಂದೆ. ಅವಳು ಫೋನು ಇಡಲೇ ಎಂದು ಕೇಳಿದಳು. ನೀರು ಸುರಿಯುವ ಸದ್ದು ನಿಲ್ಲುವವರೆಗೆ ಇರಲಿ ಎಂದು ಹೇಳಲಿಲ್ಲ. ಇಡು ಮಗಳೇ ಎಂದೆ.