ಸೊಂಟದವರೆಗೆ ಕಂಡ ನೀರು

ಜ್ಯೋತ್ಸ್ನಾ ಟೀಚರಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುವುದು ಸೀಮೆಸುಣ್ಣಕ್ಕೆ. ಬೋರ್ಡಿನ ಮೇಲೆ ಓಡುತ್ತಿದ್ದದ್ದು ಪಟ್ಟನೆ ಮುರಿಯುತ್ತದೆ, ಹಿಂದಿನ ಬೆಂಚಿನವರು ನೆಟ್ಟಗೆ ಕೂರುತ್ತಾರೆ. ಒಂದು ವರ್ಷದಿಂದ ಅವಳ ಕೈಯಲ್ಲಿ ಉದ್ದದ ಸೀಮೆಸುಣ್ಣ ನಾನು ನೋಡಿಲ್ಲ.

ನಾನು ಲಿಡಿಯಾ, ಅವಳು ವಿಜ್ಞಾನ ಕಲಿಸುವ ಹೈಸ್ಕೂಲಿನಲ್ಲೇ ಕನ್ನಡ ಕಲಿಸುವವಳು. ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ಬೆಂಕಿ ಸಣ್ಣ ಮಾಡಿದರೆ ಇಳಿಯುತ್ತದೆ. ಅವಳದ್ದು ಹಾಗಲ್ಲ. ಊರವರು ಅವಳನ್ನು ತಲೆಬಿಸಿ ಟೀಚರ್ ಎಂದು ಕರೆಯುವುದು ನನಗೆ ಗೊತ್ತು. ಕರೆಯಲಿ. ಇಲ್ಲಿ ತಲೆಬಿಸಿ ಮಾಡಿಕೊಳ್ಳಬೇಕಾದವರು ಯಾರೂ ಮಾಡಿಕೊಳ್ಳುವುದಿಲ್ಲ, ಎಲ್ಲರ ಪಾಲಿನದ್ದನ್ನೂ ಅವಳೊಬ್ಬಳೇ ಹೊತ್ತಿದ್ದಾಳೆ.

ಅವಳು ಬೆಂಗ್ರೆಯ ಮೊಗವೀರರ ಮನೆಯ ಮಗಳು, ಮದುವೆಯಾಗಿ ಶಕ್ತಿನಗರಕ್ಕೆ ಬಂದವಳು. ತಂದೆ ವಾಸು ಮೊಣಕಾಲು ಕೈಕೊಡುವವರೆಗೆ ಕಡಲಿಗೆ ಹೋದವರು. ಆ ಮನೆಯಲ್ಲಿ ನೀರಿನ ವಿಷಯಕ್ಕೆ ಕಣ್ಣನ್ನು ಯಾರೂ ನಂಬುವುದಿಲ್ಲ. ದೋಣಿಯಿಂದ ಇಳಿಯುವ ಮೊದಲು ಕೋಲು ಇಳಿಯಬೇಕು. ಮಕ್ಕಳನ್ನು ಹೊಳೆಯ ಬದಿಯಲ್ಲಿ ನಿಲ್ಲಿಸಿ, ನೀರು ನಿನಗೆ ಎಲ್ಲಿಯವರೆಗೆ ಬರುತ್ತದೆ, ಮೈಮೇಲೆ ಕೈಯಿಟ್ಟು ತೋರಿಸು ಎಂದು ವಾಸು ಕೇಳುತ್ತಿದ್ದರಂತೆ. ಒಬ್ಬ ಮೊಣಕಾಲು ಮುಟ್ಟುತ್ತಾನೆ, ಇನ್ನೊಬ್ಬಳು ಸೊಂಟ. ಆಮೇಲೆ ಕೋಲು ಇಳಿಸಿ, ಎತ್ತಿ, ಒದ್ದೆಯಾದ ಗುರುತನ್ನು ಮಗುವಿನ ಪಕ್ಕ ಹಿಡಿಯುವುದು. ಯಾವಾಗಲೂ ಕೈಯಿಟ್ಟದ್ದಕ್ಕಿಂತ ಗುರುತು ಮೇಲೆಯೇ ಇರುತ್ತಿತ್ತು. ಈಟಿ ಹಿಡಿದು ಮೀನಿಗೆ ಹೋಗುವ ಅವಳ ಸೋದರಮಾವನೂ ಮೀನು ಕಂಡಲ್ಲಿಗೆ ಹೊಡೆಯುತ್ತಿರಲಿಲ್ಲ, ಅದಕ್ಕಿಂತ ಕೆಳಗೆ ಹೊಡೆಯುತ್ತಿದ್ದ. ಕಂಡಲ್ಲಿಗೆ ಹೊಡೆಯುವವನಿಗೆ ಮೀನಿಲ್ಲದ ನೀರು ಸಾರೇ ಗತಿ.

ಇದಕ್ಕೆಲ್ಲ ವಕ್ರೀಭವನ ಎಂದು ಹೆಸರಿರುವುದು ಅವಳಿಗೆ ತಿಳಿದದ್ದು ಕಾಲೇಜಿನಲ್ಲಿ. ನೀರಿನಲ್ಲಿ ಬೆಳಕು ಗಾಳಿಯಲ್ಲಿದ್ದಷ್ಟು ಬೇಗ ಓಡಲಾರದು. ನೀರು ಬಿಟ್ಟು ಗಾಳಿಗೆ ಬರುವ ಗಡಿಯಲ್ಲಿ ಅದರ ವೇಗ ಬದಲಾಗುತ್ತದೆ, ದಾರಿ ಬಾಗುತ್ತದೆ. ನಮ್ಮ ಕಣ್ಣಿಗೆ ಬಾಗಿದ್ದು ಗೊತ್ತಾಗುವುದಿಲ್ಲ. ನೆಟ್ಟಗೆ ಬಂತು ಎಂದುಕೊಂಡು ತಳವನ್ನು ಮೇಲಕ್ಕೆ ಎತ್ತಿ ತೋರಿಸುತ್ತದೆ. ಮೇಲಿನಿಂದ ನೇರ ನೋಡಿದರೆ ಆಳದ ಕಾಲು ಭಾಗ ಮಾಯ. ಬದಿಯಲ್ಲಿ ನಿಂತು ಓರೆಯಾಗಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಾಯವಾದರೂ ಆಶ್ಚರ್ಯವಿಲ್ಲ.

ಇದನ್ನು ಅವಳು ಎಲ್ಲಿ ಬೇಕಾದರೂ ಕಲಿಸುತ್ತಾಳೆ, ಪಿಕ್ನಿಕ್ಕಿನಲ್ಲಿಯೂ ಬಿಡುವುದಿಲ್ಲ. ಪಣಂಬೂರಿನಲ್ಲಿ ಮಕ್ಕಳು ಐಸ್‌ಕ್ರೀಮು ನೆಕ್ಕುತ್ತಿದ್ದರೆ, ಕಡಲಿನಲ್ಲಿ ಓರೆಯಾಗಿ ಬರುವ ಅಲೆ ದಡಕ್ಕೆ ಬರುವಾಗ ಯಾಕೆ ಮುಖ ತಿರುಗಿಸಿಕೊಂಡು ನೇರ ಬೀಳುತ್ತದೆ ಎಂದು ಕೇಳುತ್ತಾಳೆ. ಆಳ ಕಡಿಮೆಯಾದಲ್ಲಿ ಅಲೆಯ ಒಂದು ತುದಿ ನಿಧಾನವಾಗುತ್ತದೆ, ಆಚೆ ತುದಿ ಇನ್ನೂ ಓಡುತ್ತಿರುತ್ತದೆ, ಅದಕ್ಕೇ ತಿರುಗುವುದು. ಬೈಕಂಪಾಡಿಯ ದಾರಿಯಲ್ಲಿ ಮಧ್ಯಾಹ್ನ ದೂರದ ಡಾಂಬರು ಒದ್ದೆಯಾದಂತೆ ಹೊಳೆದರೆ ಬಸ್ಸಿನಲ್ಲಿಯೇ ಪಾಠ ಶುರು. ಅದು ನೀರಲ್ಲ, ಕಾದ ಗಾಳಿ ಬೆಳಕನ್ನು ಬಾಗಿಸಿ ಆಕಾಶವನ್ನು ರಸ್ತೆಯ ಮೇಲೆ ತಂದು ಹಾಕಿದ್ದು. ನನ್ನ ಮೂಗಿನ ಮೇಲಿನ ಕನ್ನಡಕವನ್ನೂ ಬಿಟ್ಟವಳಲ್ಲ.

ಹೋದ ವರ್ಷ ಅವಳ ಕ್ಲಾಸಿನಲ್ಲಿ ಇಜಾಝ್ ಎಂಬ ಹುಡುಗನಿದ್ದ. ತಾಯಿ ಶರೀಫಾ ಬಿಕರ್ನಕಟ್ಟೆಯ ಒಳದಾರಿಯಲ್ಲಿ ಅತ್ತೆಯ ಜೊತೆ ಇದ್ದಾಳೆ, ತಂದೆ ಶುಕೂರ್ ಸೌದಿಯ ದಮ್ಮಾಮಿನಲ್ಲಿ ದುಡಿಯುತ್ತಾನೆ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು: ಕೊಳದ ನೀರು ನಿಜವಾದ ಆಳಕ್ಕಿಂತ ಕಡಿಮೆ ಆಳವಿದ್ದಂತೆ ಕಾಣುತ್ತದೆ, ಕಾರಣ ಕೊಡಿ. ಇಜಾಝ್ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಚಂದ ಬರೆದಿದ್ದ. ಜ್ಯೋತ್ಸ್ನಾ ಎರಡಕ್ಕೆ ಎರಡು ಕೊಟ್ಟಳು. ಪೇಪರು ತಿದ್ದಿದ ಮರುದಿನ, ದಸರಾ ರಜೆಯಲ್ಲಿ, ಅವನು ತೀರಿಹೋದ.

ಶಕ್ತಿನಗರದ ಆಚೆ ಒಂದು ಹಳೆಯ ಕೆಂಪುಕಲ್ಲಿನ ಕೋರೆ ಇದೆ. ಕಲ್ಲು ಕಡಿದು ಮಾರಿದವರು ಹೊಂಡವನ್ನು ಹಾಗೆಯೇ ಬಿಟ್ಟು ನಡೆದರು. ಮಳೆಗಾಲ ಮುಗಿಯುವಾಗ ಅದು ತುಂಬಿರುತ್ತದೆ, ಕೆಸರು ತಳಕ್ಕೆ ಕೂತು ನೀರು ಕುಡಿಯುವ ಹಾಗೆ ತಿಳಿಯಾಗಿರುತ್ತದೆ. ಹುಡುಗರು ಪಕ್ಕದ ಬಯಲಿನಲ್ಲಿ ಕ್ರಿಕೆಟ್ ಆಡಿ ಕಾಲು ತೊಳೆಯಲು ಅಲ್ಲಿಗೆ ಹೋಗಿದ್ದರು. ಇಜಾಝ್‌ಗೆ ಈಜು ಬರುತ್ತಿರಲಿಲ್ಲ. ಅಂಚಿನಿಂದ ನೋಡಿ, "ಸೊಂಟದವರೆಗೆ ಮಾತ್ರ ಉಂಟು ಮಾರಾಯ" ಎಂದು ಗೆಳೆಯ ಯತಿನ್‌ಗೆ ಹೇಳಿ ಇಳಿದ. ಅವನು ಹೇಳಿದ ಕೊನೆಯ ಮಾತು ಅದು. ನೀರು ಅವನ ತಲೆಯ ಮೇಲೆ ಒಂದು ಮೊಳ ಇತ್ತು.

ಆಮೇಲೆ ಈ ಊರು ಆಡಿದ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಲು ಹೋದದ್ದಂತೆ. ಈಗಿನ ಹುಡುಗರು ಹೇಳಿದ್ದು ಕೇಳುವುದಿಲ್ಲವಂತೆ. ನೀರು ಅಷ್ಟು ತಿಳಿಯಾಗಿತ್ತು, ನೋಡಿ ಇಳಿಯಬಾರದಿತ್ತೇ ಎಂದು ಒಬ್ಬ ದೊಡ್ಡ ಮನುಷ್ಯರು ಸಂತಾಪ ಸಭೆಯ ಮೈಕಿನಲ್ಲಿ ಹೇಳಿದರು. ನೋಡಿಯೇ ಇಳಿದದ್ದು, ನೋಡಿದ್ದರಿಂದಲೇ ಇಳಿದದ್ದು ಎಂದು ಜ್ಯೋತ್ಸ್ನಾ ಸಭೆಯ ಮಧ್ಯದಿಂದ ಎದ್ದು ಹೇಳಿದಳು. ಅವಳನ್ನು ಕೂರಿಸಿದರು. ಹೊಂಡಕ್ಕೆ ಬೇಲಿ ಬರಲಿಲ್ಲ, ಒಂದು ಬೋರ್ಡು ಬಂತು: ಇಲ್ಲಿ ಈಜಬಾರದು. ಈಜು ಬರುವವನಿಗೆ ಬುದ್ಧಿ ಹೇಳುವ ಬೋರ್ಡು. ಈಜಲು ಬಾರದೆ ಕಾಲು ತೊಳೆಯಲು ಬರುವವನಿಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಈ ವರ್ಷ ದಸರಾ ರಜೆ ಹತ್ತಿರ ಬರುವಾಗ ಜ್ಯೋತ್ಸ್ನಾ ಒಂದೇ ಹಟ ಹಿಡಿದಳು. ರಜೆಗೆ ಮೊದಲು ಹತ್ತನೆಯ ತರಗತಿಯನ್ನು ಆ ಕೋರೆಯ ಬದಿಗೆ ಕರೆದುಕೊಂಡು ಹೋಗಬೇಕು, ಅಪ್ಪನ ಹಾಗೆ ಕೋಲು ಇಳಿಸಿ ತೋರಿಸಬೇಕು. ಹೆಡ್‌ಮಾಸ್ಟರ್ ಕಮಲೇಶ್ ಸರ್ ಕೆಟ್ಟವರಲ್ಲ, ಆದರೆ ಮಳೆ ಬರುವ ಮೊದಲೇ ಕೊಡೆ ಬಿಡಿಸುವವರು.

"ಮೇಡಂ, ಒಬ್ಬ ಹುಡುಗ ಹೋದ ಜಾಗಕ್ಕೆ ಇಡೀ ಕ್ಲಾಸನ್ನು ಕರ್ಕೊಂಡು ಹೋಗುವುದು ಎಂತ ಲಾಜಿಕ್?"

"ನಾವು ಕರ್ಕೊಂಡು ಹೋಗದಿದ್ದರೂ ಹೋಗ್ತಾರೆ ಸರ್. ರಜೆಯಲ್ಲಿ ಹೋಗ್ತಾರೆ. ಆಗ ಕೋಲು ಇರುವುದಿಲ್ಲ."

"ಪಾಠ ಕ್ಲಾಸಲ್ಲೇ ಮಾಡಬಹುದಲ್ಲ. ಗ್ಲಾಸು, ಪೆನ್ಸಿಲು ಎಲ್ಲ ಲ್ಯಾಬಲ್ಲಿ ಉಂಟು."

"ಅದನ್ನು ಮಾಡಿಯೇ ಇಜಾಝ್‌ಗೆ ಎರಡು ಮಾರ್ಕು ಬಂದದ್ದು."

ಕಮಲೇಶ್ ಸರ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ನಿಜ ಸಂಗತಿ ಹೇಳಿದರು. ಸುದ್ದಿ ಹೇಗೋ ಶರೀಫಾಳ ಕಿವಿಗೆ ಬಿದ್ದಿತ್ತು, ಅವಳು ಶಾಲೆಗೆ ಫೋನು ಮಾಡಿ ಬೈದಿದ್ದಳು. ಸತ್ತ ಹುಡುಗನ ತಾಯಿಯೇ ಬೇಡ ಎಂದರೆ ಆಡಳಿತದವರು ಒಪ್ಪುವುದಿಲ್ಲ. ಅವಳು ಹೂಂ ಎಂದರೆ ಮಾತ್ರ ನೋಡೋಣ. ಅವಳು ಎಲ್ಲಿ ಹೂಂ ಎನ್ನುತ್ತಾಳೆ ಎಂಬ ಧೈರ್ಯ ಅವರ ಮುಖದಲ್ಲಿ ಕಾಣುತ್ತಿತ್ತು.

ಅದೇ ಸಂಜೆ ನಾವಿಬ್ಬರು ಬಿಕರ್ನಕಟ್ಟೆಯಲ್ಲಿ ಬಸ್ಸಿಳಿದು ಹೋದೆವು. ಶರೀಫಾ ಬಾಗಿಲಲ್ಲೇ ನಿಂತಳು. ಕೂರಿ ಎನ್ನಲಿಲ್ಲ.

"ಎಂತ ಟೀಚರೇ, ನನ್ನ ಮಗ ಸತ್ತ ಜಾಗ ನಿಮಗೆ ಪಿಕ್ನಿಕ್ ಮಾಡ್ಲಿಕ್ಕಾ?"

"ಪಿಕ್ನಿಕ್ ಅಲ್ಲ. ಇನ್ನೊಬ್ಬ ಇಳಿಯಬಾರದು ಅಂತ."

"ಇಳಿಯುವವರು ಇಳೀತಾರೆ. ಅವನಿಗೆ ಸೊಕ್ಕು, ಟೀಚರೇ. ಕೋರೆ ಬದಿಗೆ ಹೋಗಬೇಡ ಅಂತ ಎಷ್ಟು ಸಲ ಹೇಳಿದ್ದೇನೆ. ಅವನಿಂದಾಗಿ ಇವತ್ತು ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡ್ತಾರೆ. ದಮ್ಮಾಮಿನಿಂದ ಇವರು ಫೋನು ಮಾಡಿದಾಗೆಲ್ಲ ಅದೇ ಪ್ರಶ್ನೆ, ಹುಡುಗನನ್ನು ಯಾಕೆ ಬಿಟ್ಟೆ, ಯಾಕೆ ಬಿಟ್ಟೆ. ಮಣ್ಣು ಮಾಡ್ಲಿಕ್ಕೂ ಬರ್ಲಿಕ್ಕೆ ಆಗದವರು."

ಜ್ಯೋತ್ಸ್ನಾಳಿಗೆ ಸಮಾಧಾನ ಹೇಳಿ ಗೊತ್ತಿಲ್ಲ. ಹೇಳಲು ಹೋಗಿ ಹೇಳಬಾರದ್ದನ್ನೇ ಹೇಳಿದಳು.

"ಅವನು ದಡ್ಡ ಅಲ್ಲ ಶರೀಫಾ. ಅದೇ ಪ್ರಶ್ನೆ ಪರೀಕ್ಷೆಯಲ್ಲಿ ಬಂದಿತ್ತು. ಎರಡಕ್ಕೆ ಎರಡು ತೆಗೆದಿದ್ದ."

"ಅಂದರೆ ಗೊತ್ತಿದ್ದೂ ಇಳಿದ. ಅದನ್ನು ಹೇಳ್ಲಿಕ್ಕೆ ಬಂದದ್ದಾ ನೀವು?"

ನನಗೆ ಅಲ್ಲಿಂದ ಓಡಿಬಿಡೋಣ ಎನಿಸಿತು. ಜ್ಯೋತ್ಸ್ನಾ ಮಾತ್ರ ಕದಲಲಿಲ್ಲ.

"ಗೊತ್ತಿದ್ದರೂ ಕಣ್ಣಿಗೆ ಹಾಗೆಯೇ ಕಾಣ್ತದೆ. ನನಗೂ ಹಾಗೆಯೇ ಕಾಣ್ತದೆ, ಇಪ್ಪತ್ತು ವರ್ಷದಿಂದ ಕಲಿಸ್ತಾ ಇದ್ದೇನೆ. ಅದನ್ನು ನಾನು ಅವನಿಗೆ ಹೇಳ್ಲಿಲ್ಲ, ಪುಸ್ತಕದಲ್ಲಿಯೂ ಇಲ್ಲ. ನನ್ನ ಮಾತು ನಂಬಬೇಡಿ. ಬಂದು ನೋಡಿ. ನೋಡಿದ ಮೇಲೂ ಬೇಡ ಅಂತ ಹೇಳಿದರೆ ಮಕ್ಕಳನ್ನು ವಾಪಸ್ ಕರ್ಕೊಂಡು ಹೋಗ್ತೇನೆ."

ಶರೀಫಾ ಬಾಗಿಲು ಹಾಕಿಕೊಂಡಳು. ಎರಡು ದಿನ ಬಿಟ್ಟು ಕಮಲೇಶ್ ಸರ್ ನನ್ನನ್ನು ಕರೆದು, ಆ ಹೆಂಗಸು ತಾನೂ ಬರುತ್ತೇನೆಂದು ಫೋನು ಮಾಡಿದ್ದಾಳೆ ಎಂದು ಬೇಸರದಲ್ಲಿಯೇ ಹೇಳಿದರು.

ಶನಿವಾರ ಬೆಳಗ್ಗೆ ಹೋದೆವು. ದೈಹಿಕ ಶಿಕ್ಷಕರು ಎರಡು ಗೋಳಿಮರಗಳ ನಡುವೆ ಹಗ್ಗ ಕಟ್ಟಿ ಮಕ್ಕಳನ್ನು ಅದರ ಹಿಂದೆ ನಿಲ್ಲಿಸಿದರು. ಶರೀಫಾ ರಿಕ್ಷಾದಿಂದ ಇಳಿದು ದೂರದಲ್ಲಿ ಒಬ್ಬಳೇ ನಿಂತಳು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದಲ್ಲಿ ಕಲ್ಲು ಕಡಿದ ಗೆರೆಗಳು ಒಂದೊಂದೂ ಕಾಣುತ್ತಿದ್ದವು. ಜ್ಯೋತ್ಸ್ನಾ ಉದ್ದದ ಬಿದಿರಿನ ಕೋಲು ಹಿಡಿದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದಳು. ಸೌಜನ್ಯ ಎಂಬ ಹುಡುಗಿ ಮೊಣಕಾಲಿನ ಮೇಲೆ ಕೈಯಿಟ್ಟಳು, ಹಿಂದಿನವರು ನಕ್ಕರು. ಕೋಲು ಇಳಿಯಿತು, ಇಳಿಯುತ್ತಲೇ ಹೋಯಿತು. ಮೇಲೆ ಎತ್ತಿ ಪಕ್ಕದಲ್ಲಿ ನಿಲ್ಲಿಸಿದಾಗ ಒದ್ದೆಯ ಗುರುತು ಅವಳ ಜಡೆಯ ಬುಡಕ್ಕಿಂತ ಎಷ್ಟೋ ಮೇಲಿತ್ತು. ನಗು ನಿಂತಿತು. ಮುಂದೆ ಬಂದವರಿಗೆ ಉತ್ತರ ಗೊತ್ತಿತ್ತು, ಆದರೂ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು.

ಆಗ ಶರೀಫಾ ಹಗ್ಗ ದಾಟಿ ಬಂದಳು. ಕೋಲು ಎತ್ತಿದ್ದನ್ನು ಅವಳು ಅಷ್ಟೂ ಸಲ ನೋಡಿದ್ದಳು. ಅಂಚಿನಲ್ಲಿ ನಿಂತು ನೀರನ್ನೇ ನೋಡಿದಳು, ತುಂಬ ಹೊತ್ತು.

"ತಲೆ ಮೇಲೆ ಉಂಟು ಅಂತ ನನಗೆ ಗೊತ್ತುಂಟು ಟೀಚರೇ. ಈಗಷ್ಟೇ ನೋಡಿದೆ." ಅವಳ ಕೈ ಸೊಂಟದ ಹತ್ತಿರ ಬಂದು ನಿಂತಿತು. "ಆದರೆ ಕಾಣುವುದು ಇಲ್ಲಿಗೆ."

"ಹೌದು."

"ಅವನಿಗೂ ಹೀಗೇ ಕಂಡದ್ದಾ?"

"ಹೀಗೇ ಕಂಡದ್ದು," ಎಂದಳು ಜ್ಯೋತ್ಸ್ನಾ.

ಶರೀಫಾ ಅಳುತ್ತಾಳೆ ಎಂದುಕೊಂಡು ನಾನು ಹತ್ತಿರ ಹೋದೆ. ಅವಳು ಅಳಲಿಲ್ಲ. ಬ್ಯಾಗಿನಿಂದ ಫೋನು ತೆಗೆದು ಗಂಡನಿಗೆ ವಿಡಿಯೋ ಕಾಲ್ ಮಾಡಿದಳು. ಶುಕೂರ್ ರೂಮಿನಲ್ಲಿದ್ದ, ನಿದ್ದೆಯಿಂದ ಎದ್ದ ಮುಖ. ಅವರು ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ, ಇಷ್ಟು ವರ್ಷ ಈ ಮಕ್ಕಳ ನಡುವೆ ಇದ್ದ ನನಗೆ ಅಷ್ಟು ತಿಳಿಯುತ್ತದೆ. ಅವಳು ಫೋನನ್ನು ನೀರಿನ ಕಡೆ ತಿರುಗಿಸಿ, ಇದರಲ್ಲಿ ಇಳಿದರೆ ನಿಮಗೆ ಎಲ್ಲಿಯವರೆಗೆ ಬಂದೀತು ಎಂದು ಕೇಳಿದಳು. ಬೆಳಗ್ಗೆ ಬೆಳಗ್ಗೆ ಇದೆಂಥ ಆಟ ಎಂದ ಅವನು. ನೋಡಿ ಹೇಳಿ ಎಂದಳು ಅವಳು. ಅವನು ಫೋನನ್ನು ಹತ್ತಿರ ಹಿಡಿದು ನೋಡಿದ. ಸೊಂಟದವರೆಗೆ ಬಂದೀತು, ಅಷ್ಟೂ ಬರಲಿಕ್ಕಿಲ್ಲ ಎಂದ.

ಅವಳು ಜ್ಯೋತ್ಸ್ನಾಳಿಗೆ ತಲೆಯಾಡಿಸಿದಳು. ಜ್ಯೋತ್ಸ್ನಾ ಕೋಲು ಇಳಿಸಿ, ಎತ್ತಿ, ಶರೀಫಾಳ ಪಕ್ಕ ನಿಲ್ಲಿಸಿದಳು. ಶರೀಫಾ ಫೋನನ್ನು ತನ್ನ ಮತ್ತು ಕೋಲಿನ ಕಡೆ ತಿರುಗಿಸಿದಳು. ಗುರುತು ಅವಳ ತಲೆಯಿಂದ ಮೇಲಿತ್ತು, ಅಲ್ಲಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತ ಶುಕೂರ್ ನಕ್ಕುಬಿಟ್ಟ. ಅಬ್ಬಾ, ಇದು ಮೋಸದ ನೀರು, ಯಾರ ಜಾಗ ಇದು ಎಂದು ಕೇಳಿದ.

"ಇಜಾಝ್ ಇಳಿದ ಜಾಗ," ಎಂದಳು ಶರೀಫಾ. "ಅವನೂ ಸೊಂಟದವರೆಗೆ ಅಂತಲೇ ಹೇಳಿದ್ದ. ಇನ್ನು ಮೇಲೆ ಯಾಕೆ ಬಿಟ್ಟೆ ಅಂತ ನನ್ನನ್ನು ಕೇಳಬೇಡಿ."

ಫೋನಿನಲ್ಲಿ ಅವನ ಮುಖ ಕಾಣೆಯಾಯಿತು, ಬರೀ ಗೋಡೆ ಮತ್ತು ಫ್ಯಾನು ಕಂಡವು. ಅತ್ತ ಕಡೆಯಿಂದ ಗಂಡಸಿನ ಅಳು ಕೇಳತೊಡಗಿತು. ಒಂದು ವರ್ಷ ಅವಳು ಅವನ ಮಾತನ್ನೆಲ್ಲ ಕೇಳಿದ್ದಳು. ಇದನ್ನೂ ಕೇಳುತ್ತ ನಿಂತಳು, ಕಾಲ್ ಕಟ್ ಮಾಡಲಿಲ್ಲ.